ನೀರುನಾಯಿ ಮರಿಯ ಮೂರು ಕೂಗು

ಆಕೆ ಕಟ್ಟುಹಲ್ಲು ಮಾಡುವವಳು. ದಂತವೈದ್ಯರು ಕಳಿಸುವ ಬಾಯಿಯ ಅಚ್ಚಿಗೆ ಮೇಣ ಮೆತ್ತಿ ಒಂದೊಂದೇ ಹಲ್ಲು ಕೂರಿಸುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಉಣ್ಣುವವರ ವಸಡು ಬೊಬ್ಬೆಯೇಳುತ್ತದೆ. ಬೀದಿಯವರ ಬಾಯಲ್ಲಿ ಅವಳು ಹಲ್ಲಕ್ಕ. ತನ್ನ ನೆನಪಿನ ಬಗ್ಗೆ ಹಲ್ಲಕ್ಕನಿಗೆ ತುಸು ಜಂಬವೇ ಇತ್ತು. ಯಾವ ದವಡೆ ಯಾರದೆಂದು ಚೀಟಿ ನೋಡದೆ ಹೇಳುವವಳು, ನೂರು ಸಲ ನೋಡಿದ ಸಿನಿಮಾ ಮರೆಯುತ್ತಾಳೆಯೇ?

ಅದೊಂದು ನೀರುನಾಯಿ ಮರಿಯ ಕಾರ್ಟೂನ್ ಸಿನಿಮಾ. ಪ್ರವಾಹದಲ್ಲಿ ತಾಯಿ ಕಾಣೆಯಾಗುತ್ತದೆ. ಮರಿ ದಾರಿಯಲ್ಲಿ ಸಿಕ್ಕ ಮುದಿ ಆಮೆಯನ್ನು ವಿಚಾರಿಸಿ, ಹೊಳೆಯುದ್ದಕ್ಕೂ ಹುಡುಕಿ, ಕಡೆಗೆ ಬಂಡೆ ಹತ್ತಿ ಮೂರು ಸಲ ಕೂಗುತ್ತದೆ. ತಾಯಿ ಬರುತ್ತದೆ, ಎರಡೂ ಕೈಕೈ ಹಿಡಿದು ನೀರಿನ ಮೇಲೆ ಮಲಗುತ್ತವೆ. ಹಲ್ಲಕ್ಕನ ಐದನೇ ವಯಸ್ಸಿನಲ್ಲಿ, ಅಮ್ಮ ತೀರಿಕೊಂಡ ತಿಂಗಳಲ್ಲೇ, ಅಪ್ಪ ತನ್ನ ವಿಡಿಯೊ ಕ್ಯಾಸೆಟ್ ಅಂಗಡಿಯಿಂದ ಅದನ್ನು ತಂದುಕೊಟ್ಟಿದ್ದ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆಂದಷ್ಟೇ ಮಗುವಿಗೆ ಹೇಳಿದ್ದರು. ಪ್ರತಿ ಸಲ ಸಿನಿಮಾ ಮುಗಿದ ಮೇಲೆ ಅವಳು ಕಿಟಕಿಯಲ್ಲಿ ನಿಂತು ಮೂರು ಸಲ ಕೂಗುತ್ತಿದ್ದಳು. ಒಂದು ದಿನವಲ್ಲ, ಎರಡು ದಿನವಲ್ಲ, ನಾಲ್ಕು ವರ್ಷ. ಸಾವೆಂದರೇನೆಂದು ತಿಳಿದ ಮೇಲೂ ಒಳಗೊಂದು ಮುಳ್ಳು ಮುರಿದುಕೊಂಡು ಕೂತೇ ಬಿಟ್ಟಿತು: ತಾನು ಸರಿಯಾಗಿ ಕರೆಯಲಿಲ್ಲ.

ಈಗ ಅವಳ ಮಗಳಿಗೇ ಐದು ವರ್ಷ. ಮೊನ್ನೆ ಭಾನುವಾರ ಮಧ್ಯಾಹ್ನ ಟಿವಿಗೆ ಇಂಟರ್ನೆಟ್ ಹಾಕಿ ಹುಡುಕಿದಾಗ ಅದೇ ಸಿನಿಮಾ ಸಿಕ್ಕಿತು. ಇಬ್ಬರೂ ಚಾಪೆ ಹಾಸಿ ಕೂತರು. ಶುರುವಿನಲ್ಲೇ ತಾಯಿ ಮರಿ ಕೈಕೈ ಹಿಡಿದು ಮಲಗಿದ್ದವು. ಇದು ಕೊನೆಯಲ್ಲಲ್ಲವೇ ಬರಬೇಕು? ಹಲ್ಲಕ್ಕ ಹುಬ್ಬು ಗಂಟಿಕ್ಕಿದಳು. ಪ್ರವಾಹ ಇಳಿದ ಮೇಲೆ ತಾಯಿ ದಡದ ಕೆಸರಿನಲ್ಲಿ ಬಿದ್ದಿತ್ತು. ಮರಿ ಮೂತಿಯಿಂದ ತಿವಿದರೂ ಏಳಲಿಲ್ಲ. ಈ ದೃಶ್ಯವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮಗಳು ಗಳಗಳನೆ ಅತ್ತಳು.

"ಅಳ್ಬೇಡ ಕಣೇ. ಕೊನೇಲಿ ಬರ್ತಾಳೆ ನೋಡು. ನಾನು ನೂರು ಸಲ ನೋಡಿದೀನಿ."

ಮರಿ ಬಂಡೆ ಹತ್ತಿತು. ಮೂರು ಸಲ ಕೂಗಿತು. ಬಂದದ್ದು ಮುದಿ ಆಮೆ. "ಬಾ ಮಗು, ಕತ್ತಲಾಯ್ತು," ಎಂದು ಮರಿಯನ್ನು ಬೆನ್ನಿಗೇರಿಸಿಕೊಂಡು ಹೋಯಿತು. ಅಷ್ಟೇ, ಸಿನಿಮಾ ಮುಗಿಯಿತು.

"ಬರ್ಲೇ ಇಲ್ಲ! ನೀನು ಸುಳ್ಳಿ," ಎಂದು ಮಗಳು ಮುಖ ತಿರುಗಿಸಿ ಮಲಗಿದಳು.

ಹಲ್ಲಕ್ಕನ ತಲೆ ಗಿರ್ರೆಂದಿತು. ಬೇರೆ ಸಿನಿಮಾ ಇರಬಹುದೇ? ಹಾಡು ಅದೇ. ಆಮೆಯ ಚಿಪ್ಪಿನ ಬಿರುಕೂ ಅದೇ. ಹಿಂದಕ್ಕೆ ಓಡಿಸಿ ನೋಡಿದಳು, ಮತ್ತೆ ನೋಡಿದಳು. ಕಣ್ಣು ಕೆಟ್ಟಿತೋ ತಲೆ ಕೆಟ್ಟಿತೋ ತಿಳಿಯದು. ನೂರು ಸಲ ನೋಡಿದ್ದು ಸುಳ್ಳಾದರೆ ಇನ್ನು ತನ್ನ ಬಾಲ್ಯದಲ್ಲಿ ನಂಬುವಂಥದ್ದು ಏನುಳಿಯಿತು? ಹಾಗೆ ಕೂತಿದ್ದಾಗ ಹಳೆಯ ಕ್ಯಾಸೆಟ್‌ನದೊಂದು ಸಂಗತಿ ನೆನಪಾಯಿತು. ತಾಯಿ ಬರುವ ಮುಂಚೆ ಚಿತ್ರ ಒಂದು ಸಲ ಹಾರುತ್ತಿತ್ತು, ಬಿಳಿ ಗೆರೆಯೊಂದು ಮೇಲಿಂದ ಕೆಳಗೆ ಓಡುತ್ತಿತ್ತು.

ಅವಳು ಎದ್ದು ಜಗಲಿಗೆ ಹೋದಳು. ಅಪ್ಪ ಟೇಬಲ್ ಫ್ಯಾನು ಬಿಚ್ಚಿಕೊಂಡು ಕೂತಿದ್ದ.

"ಅಪ್ಪಾ, ಆ ನೀರುನಾಯಿ ಕ್ಯಾಸೆಟ್ಟು ಹರಿದಿತ್ತಾ?"

"ಯಾವ ಟೇಪು ಹರೀತಿರ್ಲಿಲ್ಲ ಹೇಳು. ಬ್ಲೇಡಲ್ಲಿ ಕತ್ತರಿಸೋದು, ಅಂಟಿಸೋದು, ದಿನಾ ಅದೇ ಕೆಲಸ."

"ಅದು ಹರಿದಿತ್ತಾ ಅಂತ ಕೇಳ್ದೆ."

ಅಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಇಲ್ಲ. ತಾಯಿ ಸಾಯೋದನ್ನ ನಾನೇ ತೆಗೆದೆ. ಆಮೆ ಕರ್ಕೊಂಡ್ಹೋಗೋದನ್ನೂ ತೆಗೆದು, ಶುರೂನಲ್ಲಿದ್ದದ್ದನ್ನ ತಂದು ಕೊನೆಗೆ ಅಂಟಿಸ್ದೆ. ನೀನು ಊಟ ಬಿಟ್ಟಿದ್ದೆ. ಅದನ್ನ ನೋಡಿದ ದಿನ ನಾಲ್ಕು ತುತ್ತು ತಿಂದೆ."

ಸಿಟ್ಟು ಬರಬೇಕಿತ್ತು. ಬಂತೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ.

"ನಾಲ್ಕು ವರ್ಷ ಕೂಗಿದೀನಪ್ಪಾ. ನನ್ನ ಕೂಗಲ್ಲೇ ಏನೋ ಐಬಿದೆ ಅಂದ್ಕೊಂಡಿದ್ದೆ. ಇವತ್ತಿನವರೆಗೂ."

"ನೀನು ಕೂಗೋದು ಕೇಳಿಸ್ತಿತ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

ಅಪ್ಪ ಫ್ಯಾನಿನ ರೆಕ್ಕೆಯನ್ನು ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನಿಮ್ಮಮ್ಮನ್ನ ಕೈಯಾರೆ ಮಣ್ಣು ಮಾಡಿ ಬಂದೋನು ನಾನು. ಟೇಪು ಅಂಟಿಸಿದೋನೂ ನಾನೇ. ಆದ್ರೂ ನೀನು ಮೂರನೇ ಸಲ ಕೂಗಿದಾಗೆಲ್ಲ, ಬಾಗಿಲ ಕಡೆ ನೋಡ್ತಿದ್ದೆ ಕಣಮ್ಮಾ."