ಗಾಡಿ ಮೊದಲು ಕುಡಿಯಬೇಕು

ಹೊಸ ಗಾಡಿ ಬಂದ ವಾರವೇ ನಮ್ಮ ಠಾಣೆಯಿಂದ ಮೂವರು ಹೋದರು. ಹೀಗೆ ಒಂದೇ ಉಸಿರಿನಲ್ಲಿ ಹೇಳಿದರೆ ಕೇಳಿದವರು ಅಪಘಾತವೇನಾದರೂ ಆಯಿತೇ ಎಂದು ಗಾಬರಿಯಾಗುತ್ತಾರೆ. ಅಪಘಾತವಲ್ಲ, ಕಾಗದ. ಸೋಮವಾರ ಕೆಂಪಗೆ ಹೊಳೆಯುವ ಅಗ್ನಿಶಾಮಕ ವಾಹನ ಬಂತು, ಗುರುವಾರ ಮೇಲಿನಿಂದ ಪತ್ರ ಬಂತು. ಹೊಸ ವಾಹನದಲ್ಲಿ ಬಹುಪಾಲು ಕೆಲಸವನ್ನು ಯಂತ್ರವೇ ಮಾಡುವುದರಿಂದ, ಗುತ್ತಿಗೆಯ ಮೇಲಿದ್ದ ಮೂವರ ಸೇವೆ ಇನ್ನು ಅಗತ್ಯವಿಲ್ಲ ಎಂದು ಅದರಲ್ಲಿ ಬರೆದಿತ್ತು. ಠಾಣೆಯ ಅಧಿಕಾರಿ ನಾನು, ಅದನ್ನು ಮೂವರಿಗೂ ಓದಿ ಹೇಳುವ ಕೆಲಸ ನನ್ನದೇ. ಪಾಳಿಗೆ ಆರು ಜನ ಇದ್ದಾಗಲೇ ನಮಗೆ ಉಸಿರು ಸಿಗುತ್ತಿರಲಿಲ್ಲ. ಇನ್ನು ಮೂವರು.

ಯಾವ ಊರಿನ ಠಾಣೆ ಎಂದು ಕೇಳಬೇಡಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಎಂದು ಈ ಸೀಮೆಯನ್ನೆಲ್ಲ ಸುತ್ತಿದ ನೌಕರಿ ನನ್ನದು. ಬೆಂಕಿಗೆ ಊರಿನ ಹೆಸರು ಬೇಕಾಗಿಲ್ಲ. ಬೇಸಿಗೆ ಬಂತೆಂದರೆ ಬಣವೆಗಳು, ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಸುಟ್ಟ ವೈರುಗಳು, ನೇಕಾರರ ಓಣಿಯಲ್ಲಿ ಎಂದಾದರೊಮ್ಮೆ ನೂಲಿನ ಗಂಟು. ಬೆಂಕಿ ಇಲ್ಲದ ದಿನ ಬಾವಿಗೆ ಬಿದ್ದ ಎಮ್ಮೆ. ಎಮ್ಮೆ ಎತ್ತುವುದು ಬೆಂಕಿ ಆರಿಸುವುದಕ್ಕಿಂತ ಕಷ್ಟ, ಯಾಕೆಂದರೆ ಬೆಂಕಿ ಒದೆಯುವುದಿಲ್ಲ.

ಹೋದ ಮೂವರಲ್ಲಿ ಒಬ್ಬನನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಗುಡೂರಿನವನು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಕಾಗದದ ಮೇಲೆ ಅವನು ಸಹಾಯಕ, ಠಾಣೆಯಲ್ಲಿ ನಮ್ಮೆಲ್ಲರ ಹಿರಿಯ. ನಮ್ಮ ಹಳೆಯ ಗಾಡಿಗೆ ಮುದುಕಿ ಎಂದು ಹೆಸರಿಟ್ಟವನೂ ಅವನೇ. ಮುದುಕಿಯ ಟ್ಯಾಂಕಿಗೆ ಸೋರುವ ಚಾಳಿಯಿತ್ತು. ಕಾಕಾ ಬೆಳಿಗ್ಗೆ ಬಂದವನೇ ಬೆರಳ ಗೆಣ್ಣು ಮಡಚಿ, ಟ್ಯಾಂಕಿನ ಮೈಯನ್ನು ಮೇಲಿನಿಂದ ಕೆಳಕ್ಕೆ ಟಕ್ ಟಕ್ ಎಂದು ಬಡಿದುಕೊಂಡು ಬರುತ್ತಿದ್ದ, ದನದ ಹೊಟ್ಟೆ ನೋಡುವ ಡಾಕ್ಟರ ಹಾಗೆ. ಸದ್ದು ಎಲ್ಲಿ ಬದಲಾಗುತ್ತದೋ ಅಲ್ಲಿಯವರೆಗೆ ನೀರು. ಅಳತೆಯ ಗಾಜು ಯಾವ ಕಾಲದಲ್ಲೋ ಒಡೆದುಹೋಗಿತ್ತು. ಕಾಕಾನ ಗೆಣ್ಣು ಇರುವಾಗ ಅದನ್ನು ಹಾಕಿಸುವ ಉಸಾಬರಿಗೆ ಯಾರೂ ಹೋಗಲಿಲ್ಲ.

ಅವನದೊಂದು ನಿಯಮವಿತ್ತು. ಬೆಂಕಿ ಆರಿಸಿ ಬಂದಾಗ ಎಷ್ಟೇ ದಣಿದಿರಲಿ, ಗಂಟಲು ಎಷ್ಟೇ ಒಣಗಿರಲಿ, ಗಾಡಿಯ ಟ್ಯಾಂಕು ತುಂಬುವವರೆಗೆ ಯಾರೂ ನೀರು ಮುಟ್ಟುವಂತಿಲ್ಲ. "ಗಾಡಿ ಮೊದಲ ಕುಡೀಬೇಕ್ರಿ, ಆಮ್ಯಾಲ ನಾವು," ಎನ್ನುತ್ತಿದ್ದ. ಹೊಸದಾಗಿ ಬಂದವರು ನಕ್ಕು, ಒಂದು ವಾರದಲ್ಲಿ ತಾವೂ ಹಾಗೇ ಮಾಡುತ್ತಿದ್ದರು. ಬಾಟಲಿ ಬಾಯಿಗಿಟ್ಟವನನ್ನು ಕಾಕಾ ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದ. ಆ ನೋಟಕ್ಕಿಂತ ಬೈಗುಳವೇ ವಾಸಿ.

ಕೊನೆಯ ದಿನ ತನ್ನ ಊಟದ ಡಬ್ಬಿ, ಟಾವೆಲ್ಲು ಚೀಲಕ್ಕೆ ಹಾಕಿಕೊಂಡು ಹೊಸ ಗಾಡಿಯ ಸುತ್ತ ಒಂದು ಸುತ್ತು ಬಂದ. ಮುಟ್ಟಲಿಲ್ಲ. ನನಗೆ ಹೇಳಿದ, "ಸಾಹೇಬ್ರ, ಹೊಸಾದು ಅಂತ ಮರೀಬ್ಯಾಡ್ರಿ. ಹೊಸಾ ಎಮ್ಮೀಗೂ ನೀರಡಿಕಿ ಇರತೈತಿ."

ನನಗೆ ಆಗ ಮಾತನ್ನು ಹಗುರ ಮಾಡಬೇಕೆನಿಸಿತು. ಅವನನ್ನು ಕಳಿಸುವ ಸಂಕಟ ಬೇರೆ. "ಕಾಕಾ, ಇದರಾಗ ಬಣ್ಣಬಣ್ಣದ ದೀಪ ಅದಾವು. ನೀರು ಎಷ್ಟ ಐತಿ ಅಂತ ಅವ ಹೇಳ್ತಾವು," ಎಂದೆ.

"ಹೇಳಲಿಲ್ಲಂದ್ರ?" ಎಂದ. ನಾನು ನಕ್ಕೆ. ಅವನ ಬಸ್ಸು ಬಂತು.

ಶನಿವಾರ ಹೊಸ ಗಾಡಿಯ ಉದ್ಘಾಟನೆ. ಶಾಮಿಯಾನ, ಕುರ್ಚಿ, ಶಾಲು, ಎಲ್ಲ ಇದ್ದವು. ಗಾಲಿಯ ಕೆಳಗೆ ನಿಂಬೆಹಣ್ಣು, ಮುಂದೆ ಒಡೆದ ಕುಂಬಳಕಾಯಿ. ಗಾಡಿಯ ಎಡಮಗ್ಗುಲಿಗೆ ಒಂದು ಗಾಜಿನ ಫಲಕವಿತ್ತು, ನೀರಿನ ಮಟ್ಟ ತೋರಿಸುವ ಪುಟ್ಟ ದೀಪಗಳು ಅದರಲ್ಲಿದ್ದವು. ಮಿನುಗುವ ಆ ದೀಪಗಳನ್ನು ಕಂಡು ಪೂಜೆಗೆ ಬಂದ ಅಯ್ಯನವರಿಗೆ ಅದೇ ಗಾಡಿಯ ದೇವರ ಜಗಲಿ ಎನಿಸಿರಬೇಕು. ಮೂರು ಬೆರಳಲ್ಲಿ ವಿಭೂತಿಯನ್ನು ದಪ್ಪಗೆ ಎಳೆದು, ನಡುವೆ ಕುಂಕುಮ ಒತ್ತಿ, ಮೇಲೆ ಚೆಂಡುಹೂವಿನ ಮಾಲೆ ಇಳಿಬಿಟ್ಟರು. ನಾವೂ ಕೈ ಮುಗಿದೆವು. ಪೂಜೆ ಮಾಡಿದ ದಿನವೇ ವಿಭೂತಿ ಒರೆಸುವ ಕೈ ನಮ್ಮಲ್ಲಿ ಯಾರಿಗಿದೆ?

ಬಂದ ಗಣ್ಯರಿಗೆ ನೀರು ಹಾರಿಸಿ ತೋರಿಸಬೇಕಿತ್ತು. ಹಾರಿಸಿದೆವು. ಅವರೇ ಪೈಪಿನ ಮೂತಿ ಹಿಡಿದು ನಿಂತರು, ಫೋಟೋದವರು ಇನ್ನೊಮ್ಮೆ ಎಂದರು, ಮತ್ತೊಮ್ಮೆ ಎಂದರು. ನೀರು ತೆಂಗಿನ ಮರದೆತ್ತರ ಹೋಗಿ ಬಿಸಿಲಲ್ಲಿ ಪುಡಿಯಾಗಿ ಬೀಳುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಮುದುಕಿಯನ್ನು ತಳ್ಳಿ ತಳ್ಳಿ ಚಾಲೂ ಮಾಡಿದವನು ನಾನು. ಆಮೇಲೆ ಯಾರೋ ಕೈಗೆ ಶರಬತ್ತಿನ ಲೋಟ ಕೊಟ್ಟರು. ಕುಡಿಯುವಾಗ ಕಾಕಾನ ನೋಟ ನೆನಪಾಯಿತು. ಊಟವಾದ ಮೇಲೆ ಟ್ಯಾಂಕು ತುಂಬಿಸಿದರಾಯಿತು ಎಂದುಕೊಂಡೆ. ಹುಗ್ಗಿ ಬಡಿಸಿದರು, ಬದನೆಕಾಯಿ ಪಲ್ಯ ಬಂತು, ಶಾಲು ಹೊದಿಸಲು ನನ್ನನ್ನೂ ಕರೆದರು. ಮರೆತೆ.

ಮಧ್ಯಾಹ್ನ ಮೂರು ದಾಟಿರಬೇಕು, ಫೋನು ಬಂತು. ಗುಡೂರಿನ ಆಚೆ ಹೊಲದಲ್ಲಿ ಕುರಿ ಸಾಕುವವರ ಮನೆಯೊಂದರ ಜೋಳದ ಕಣಿಕೆಯ ಬಣವೆಗೆ ಬೆಂಕಿ. ಮಾತಾಡುತ್ತಿದ್ದವನು ಪಕ್ಕದ ಹೊಲದವನು. "ಬಾಜೂಕ ಮರಿ ಅದಾವ್ರಿ, ಸಣ್ಣ ಸಣ್ಣ ಮರಿ. ಕುರಿ ಮೇಯಾಕ ಹೋಗ್ಯಾವು. ಒಳಗ ಹೋಗಿ ಎಳಕೊಂಡು ಬರೂಣೇನ್ರಿ?"

ನಮ್ಮ ತರಬೇತಿಯಲ್ಲಿ ಕಲಿಸಿದ ಮಾತು ಬಾಯಿಗೆ ತಾನಾಗಿ ಬಂತು. "ಯಾರೂ ಹತ್ರ ಹೋಗಬ್ಯಾಡ್ರಿ. ಹೊಸಾ ಗಾಡಿ ಐತಿ, ಈಗ ಬಂದ್ವಿ."

ಮೂವರು ಹೊರಟೆವು. ನಾನು, ಇನ್ನೊಬ್ಬ ಸಿಬ್ಬಂದಿ, ಮತ್ತು ಬೇರೆ ಠಾಣೆಯಿಂದ ಎರಡು ದಿನಕ್ಕೆಂದು ಎರವಲು ತಂದ ಚಾಲಕ. ನಮ್ಮ ಚಾಲಕನೂ ಆ ಗುತ್ತಿಗೆಯ ಮೂವರಲ್ಲಿ ಒಬ್ಬನಾಗಿದ್ದ. ಈ ಹೊಸಬ ಆ ಗಾಡಿಯನ್ನು ಓಡಿಸುತ್ತಿದ್ದುದು ಅದೇ ಮೊದಲು. ಏರು ಬಂತು, ಗಾಡಿ ಏದುಸಿರು ಬಿಡಲಿಲ್ಲ. ಕಲ್ಲು ಹೊತ್ತ ಲಾರಿಗಳನ್ನು ಹಿಂದೆ ಹಾಕಿತು. "ಏನ್ ಓಡ್ತೈತ್ರಿ ಇದು! ಹಾರೇ ಹಾರತೈತಿ!" ಎಂದು ಅವನು ಹಿಗ್ಗಿದ. ನಾನೂ ಹಿಗ್ಗಿದೆ. ಹೊಸದೆಂದರೆ ಹೀಗಿರಬೇಕು ಎಂದುಕೊಂಡೆ. ಅಷ್ಟು ವರ್ಷ ನೀರು ಹೊತ್ತ ಗಾಡಿಯಲ್ಲಿ ಕೂತ ನನಗೆ ಆ ಹಗುರ ಗೊತ್ತಾಗಲಿಲ್ಲ ಎಂದರೆ ನೀವು ನಂಬುತ್ತೀರೋ ಇಲ್ಲವೋ. ನನಗೇ ನಂಬಲಾಗುವುದಿಲ್ಲ.

ನಾವು ತಲುಪಿದಾಗ ಬಣವೆಯ ಅರ್ಧ ಉರಿದಿತ್ತು. ಪಕ್ಕದಲ್ಲಿ ಮರಿಗಳ ಕೊಟ್ಟಿಗೆ. ಮೂರು ಕಡೆ ಕಲ್ಲಿನ ಗೋಡೆ, ಮೇಲೆ ಹುಲ್ಲಿನ ಚಪ್ಪರ, ಬಾಗಿಲು ಮಾತ್ರ ಬಣವೆಯ ಕಡೆಗೆ. ಚಪ್ಪರಕ್ಕೆ ಇನ್ನೂ ಬೆಂಕಿ ತಗುಲಿರಲಿಲ್ಲ. ಒಳಗಿನಿಂದ ಮರಿಗಳ ಕೂಗು ಕೇಳುತ್ತಿತ್ತು. ಹತ್ತಿಪ್ಪತ್ತು ಜನ ದೂರದಲ್ಲಿ ಸಾಲಾಗಿ ನಿಂತಿದ್ದರು, ನಾನು ಹೇಳಿದ ಹಾಗೆಯೇ. ಮನೆಯ ಹೆಣ್ಣುಮಗಳು ಎದುರು ಬಂದು, "ಒಂಬತ್ತ ಮರಿ ಅದಾವು ಯಪ್ಪಾ. ಆ ಬಾಗಲಾ ಒಂದೀಟು ತಣ್ಣಗ ಮಾಡಿಕೊಡ್ರಿ, ನಾ ಒಳಗ ಹೋಗ್ತೇನಿ," ಎಂದಳು. ಅವಳು ಕೇಳಿದ್ದು ಸರಿಯಾಗಿತ್ತು. ಬಾಗಿಲಿಗೆ ಐದು ನಿಮಿಷ ನೀರು ಹೊಡೆದರೆ ಸಾಕಿತ್ತು.

ಪೈಪು ಬಿಚ್ಚಿದೆವು, ಜೋಡಿಸಿದೆವು, ಪಂಪು ಚಾಲೂ ಮಾಡಿದೆವು. ನಾನು ಮೂತಿ ಹಿಡಿದು ಕಾಲೂರಿ ನಿಂತೆ. ಪೈಪು ಒಮ್ಮೆ ನಡುಗಿತು. ಒಂದು ಬೊಗಸೆ ನೀರು ಉಗುಳಿತು. ಆಮೇಲೆ ಬರೀ ಗಾಳಿ.

ಪಂಪು ಕೆಟ್ಟಿತೆಂದೇ ನಾನು ತಿಳಿದೆ. ಹಿಂದಕ್ಕೆ ತಿರುಗಿದರೆ ಕಾಕಾ ನಿಂತಿದ್ದ. ಹೊಗೆ ಕಂಡು ಊರಿನಿಂದ ಯಾರದೋ ಬೈಕು ಹತ್ತಿ ಬಂದಿದ್ದನಂತೆ. ಮೈಮೇಲೆ ಬನಿಯನ್ನು, ಧೋತರ. ಅವನು ನನ್ನನ್ನು ನೋಡಲಿಲ್ಲ. ನೇರ ಗಾಡಿಯ ಹತ್ತಿರ ಹೋಗಿ ಗೆಣ್ಣು ಮಡಚಿ ಟ್ಯಾಂಕು ಬಡಿದ. ಮೇಲೆ, ನಡುವೆ, ಕೆಳಗೆ. ಎಲ್ಲ ಕಡೆ ಒಂದೇ ಸದ್ದು, ಖಾಲಿ ಡಬ್ಬಿಯ ಸದ್ದು. ಆಮೇಲೆ ಮಾಲೆ ಸರಿಸಿ, ಅಂಗೈಯಿಂದ ವಿಭೂತಿ ಒರೆಸಿದ. ಗಾಜಿನ ಹಿಂದೆ ಕೆಂಪು ದೀಪವೊಂದು ಪಿಳಿ ಪಿಳಿ ಎನ್ನುತ್ತಿತ್ತು. ಅದು ದಾರಿಯುದ್ದಕ್ಕೂ ಹೇಳುತ್ತಲೇ ಬಂದಿರಬೇಕು.

ತಲೆಯ ಮೇಲೆ ಶಿರಸ್ತ್ರಾಣ, ಕಾಲಲ್ಲಿ ಬೂಟು, ಕೈಯಲ್ಲಿ ಗಾಳಿಯೂದುವ ಪೈಪು. ಅಷ್ಟು ಜನರ ನಡುವೆ ಗರ ಬಡಿದವನ ಹಾಗೆ ನಿಂತುಬಿಟ್ಟೆ. ಅಷ್ಟರಲ್ಲಿ ಚಪ್ಪರದ ಅಂಚು ಹತ್ತಿಕೊಂಡಿತು.

ಆ ಹೆಣ್ಣುಮಗಳು ಕೂಗಾಡಲಿಲ್ಲ. ಮನೆಯೊಳಗೆ ಓಡಿ ಒಂದು ಕರಿ ಕಂಬಳಿ ತಂದು ದನ ನೀರು ಕುಡಿಯುವ ಕಲ್ಲಿನ ದೋಣಿಯಲ್ಲಿ ಅದ್ದಿದಳು. ಗುಂಪಿನಲ್ಲಿ ಯಾರೋ, "ಏ, ಅದು ದೇವರ ಗದ್ದಿಗಿ ಕಂಬಳಿ!" ಎಂದರು. ಕುರಿಗಾರರ ದೇವರಾದ ಬೀರಪ್ಪನ ಗದ್ದಿಗೆಗೆ ಹಾಸುವ ಕಂಬಳಿ, ಮೈಲಿಗೆಯಲ್ಲಿ ಮುಟ್ಟುವಂತಿಲ್ಲ, ಕಾಲು ತಾಗಿಸುವಂತಿಲ್ಲ.

"ಬೀರಪ್ಪಂದ ಐತಿ, ಖರೆ. ಮರೀನೂ ಅವನ್ವ," ಎಂದು ಅವಳು ಅದನ್ನು ಹೊದ್ದುಕೊಳ್ಳುವಷ್ಟರಲ್ಲಿ ಕಾಕಾ ಕೈಯಿಂದ ಕಸಿದುಕೊಂಡ. ತಲೆಯ ಮೇಲಿಂದ ಹೊದ್ದು, ಬಗ್ಗಿ ಒಳಗೆ ನುಗ್ಗಿದ. ಎರಡು ದಿನದ ಹಿಂದೆ ಬೇಡವೆಂದು ಮನೆಗೆ ಕಳಿಸಿದ ಮನುಷ್ಯ, ಬರಿಗಾಲಲ್ಲಿ. ಬಗಲಲ್ಲಿ ಮೂರು ಮರಿ ಹಿಡಿದು ಹೊರಬಂದ. ಆಗ ನನಗೆ ಜೀವ ಬಂತು. ಎರಡನೆಯ ಸಲ ಅವನ ಬೆನ್ನಿಗೇ ನಾನೂ ನುಗ್ಗಿದೆ. ಹೊಗೆಯಲ್ಲಿ ಕಣ್ಣು ಕಾಣುತ್ತಿರಲಿಲ್ಲ, ಕೂಗು ಬಂದ ಕಡೆ ಕೈ ಚಾಚಿದೆ. ನನಗೊಂದು ಸಿಕ್ಕಿತು, ಅವನಿಗೊಂದು. ಮೂರನೆಯ ಸಲ ಬಾಗಿಲಿಗೆ ಹೋಗುವಷ್ಟರಲ್ಲಿ ಚಪ್ಪರ ಕುಸಿಯಿತು. ಕಾಕಾ ಮತ್ತೆ ನುಗ್ಗಲು ಹೋದ, ನಾವು ಮೂವರು ಸೇರಿ ಅವನನ್ನು ಎಳೆದು ಹಿಡಿದೆವು. ಒಳಗೆ ಸ್ವಲ್ಪ ಹೊತ್ತು ಕೂಗು ಇತ್ತು. ಆಮೇಲೆ ಇರಲಿಲ್ಲ.

ಪಕ್ಕದ ಹೊಲದವನು ತನ್ನ ಬೋರಿನ ಪೈಪನ್ನು ತಂದು ನಮ್ಮ ಟ್ಯಾಂಕಿಗೆ ಬಿಟ್ಟ. ಒಂದಿಷ್ಟು ತುಂಬಿದ ಮೇಲೆ ಕೆಂಡಕ್ಕೆ ನೀರು ಹೊಡೆದೆವು. ಹೊಸ ಪಂಪು ಚೆನ್ನಾಗಿತ್ತು. ಯಾವ ತಕರಾರೂ ಇಲ್ಲದೆ, ಆರಿಸಲು ಏನೂ ಉಳಿಯದ ಜಾಗವನ್ನು ಅಚ್ಚುಕಟ್ಟಾಗಿ ಆರಿಸಿತು. ಮತ್ತೆ ಪೈಪನ್ನು ಟ್ಯಾಂಕಿಗಿಟ್ಟೆವು. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದ. ಪಾದ ಸುಟ್ಟು ಬೊಬ್ಬೆ ಎದ್ದಿದ್ದವು. ಗಾಡಿಯಲ್ಲಿ ದವಾಖಾನೆಗೆ ಹೋಗೋಣ ಎಂದರೆ, "ಗಾಡಿ ತುಂಬಲಿ ತಡೀರಿ," ಎಂದ.

ಆ ಹೆಣ್ಣುಮಗಳು ಒಂದು ತಂಬಿಗೆ ನೀರು, ಸಣ್ಣದೊಂದು ಬೆಲ್ಲದ ಚೂರು ತಂದು ನನ್ನ ಮುಂದೆ ಹಿಡಿದಳು. ಮನೆಗೆ ಬಂದವರಿಗೆ ಕೊಡುವುದು ನಮ್ಮ ಕಡೆಯ ಪದ್ಧತಿ. ಬಂದವನು ಯಾರು, ಏನು ಮಾಡಿದ ಎಂದು ಈ ಪದ್ಧತಿ ನೋಡುವುದಿಲ್ಲ. "ಕುಡೀರಿ ಯಪ್ಪಾ. ಬಿಸಲಾಗ ಬಂದೀರಿ."

"ಗಾಡಿ ಮೊದಲ ಕುಡೀಲಿ, ಯವ್ವಾ," ಎಂದುಬಿಟ್ಟೆ. ಅಷ್ಟು ವರ್ಷದ ರೂಢಿ. ಹೇಳಬಾರದ ಹೊತ್ತಿನಲ್ಲಿ ಬಾಯಿಗೆ ಬಂತು.

ಅವಳು ತುಂಬುತ್ತಿದ್ದ ಗಾಡಿಯನ್ನು ನೋಡಿದಳು, ಅದರ ಮೇಲಿನ ಹೂವಿನ ಮಾಲೆ ನೋಡಿದಳು, ಆಮೇಲೆ ನನ್ನನ್ನು. ಅವಳಿಗೆ ಎಲ್ಲ ತಿಳಿಯಿತು ಎಂದು ನನಗೆ ತಿಳಿಯಿತು. ಅಷ್ಟರಲ್ಲಿ ಹೊಲದ ಬದುವಿನ ಕಡೆಯಿಂದ ಕುರಿಗಳ ಸದ್ದು ಬಂತು. ಅವಳ ಗಂಡ ಹಿಂಡು ಹೊಡೆದುಕೊಂಡು ಬರುತ್ತಿದ್ದ. ಮನೆ ಕಂಡೊಡನೆ ತಾಯಿ ಕುರಿಗಳು ಹಿಂಡು ಬಿಟ್ಟು ಮುಂದೆ ಓಡಿಬಂದವು. ಐದು ಕುರಿಗಳಿಗೆ ಮರಿ ಸಿಕ್ಕವು, ಅವು ಸುಮ್ಮನಾದವು. ನಾಲ್ಕು ಕುರಿ ಒದ್ದೆ ಬೂದಿಯ ಸುತ್ತ ತಿರುಗುತ್ತ, ಪ್ರತಿಯೊಂದು ಮರಿಯನ್ನೂ ಮೂಸಿ ಬಿಟ್ಟು, ಒದರುತ್ತಲೇ ಇದ್ದವು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಹತ್ರ ಹೋಗಬ್ಯಾಡ್ರಿ ಅಂದ್ರಿ ಅಂತ ನಿಂತ್ವಿ," ಎಂದಳು. "ಇಲ್ಲಂದ್ರ ನಾವ ಎಳಕೋತಿದ್ವಿ."

ತಂಬಿಗೆಯನ್ನು ಇನ್ನೂ ಚಾಚಿಯೇ ನಿಂತಿದ್ದಳು. ನಾನು ತೆಗೆದುಕೊಂಡು ಕುಡಿದೆ.