ಯಾರ ಮೊಹಲ್ಲಾದ ಬುಟ್ಟಿ?

‘ನಮ್ಮ ಮಹಲ್ಲಾ’ ಎಂದು ಸೈಪ್ರಸ್ಸಿನ ಮುದುಕರೊಬ್ಬರು ಹೇಳಿದಾಗ ಬೆಚ್ಚಿಬಿದ್ದೆ. ಅಮೆರಿಕದ ರಾಕ್‌ವಿಲ್‌ನ ಪಾರ್ಕಿನಲ್ಲಿ ಕುಳಿತು ಅವರು, ಹಿಂದೆ ತಾವಿದ್ದ ಲಂಡನ್ನಿನ ಬೀದಿಯನ್ನು ನೆನೆಯುತ್ತಿದ್ದರು. ಕೇರಿಗೆ ಅವರಲ್ಲೂ ಅದೇ ಮಾತಂತೆ. ಅವರ ತಾಯಿ ಮಹಡಿಯ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿ ಬ್ರೆಡ್ ಕೊಳ್ಳುತ್ತಿದ್ದರಂತೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಮ್ಮಜ್ಜಿಯೂ ಹೀಗೇ ಸೊಪ್ಪು ಕೊಳ್ಳುತ್ತಿದ್ದಳು ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಮನೆಗೆ ಬಂದು ಮೈಸೂರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದೆ.

‘ನಮ್ಮದು ಹೆಂಚಿನ ಮನೆ ಕಣೋ, ಮಹಡಿನೇ ಇರ್ಲಿಲ್ಲ. ಅಜ್ಜಿ ಏನು ಹೆಂಚಿನ ಮೇಲೆ ಕೂತು ಬುಟ್ಟಿ ಇಳಿಸ್ತಿದ್ಲಾ?’ ಎಂದು ನಕ್ಕಳು.

ಆದರೂ ಹಗ್ಗ ಜಾರಿಸುವ ಅಜ್ಜಿಯ ಬಳೆ ಸದ್ದು ನನಗೆ ಕೇಳಿಸುತ್ತದೆ. ಅವಳದು ನನ್ನಲ್ಲಿ ಉಳಿದಿರುವುದು ಇನ್ನೊಂದೇ ನೆನಪು. ಅದು ನಿಜವೇ ಎಂದು ಅಕ್ಕನನ್ನು ಕೇಳಲು ಧೈರ್ಯ ಬರುತ್ತಿಲ್ಲ.