ಎಮ್ಮೆ ತಿಂದ ನವಣೆ

ದಾವಣಗೆರೆ ಜಿಲ್ಲೆಯಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ನಾನು ಗೃಹವಿಜ್ಞಾನದಲ್ಲಿ ಪದವಿ ಮುಗಿಸಿದ್ದೆ, ಆದರೆ ಒಲೆ ಹಚ್ಚಲು ಇನ್ನೂ ಅವ್ವನನ್ನೇ ಕೂಗುತ್ತಿದ್ದೆ. ಅಂಥವಳನ್ನು ಊರಿನ ಒಂದು ಸಣ್ಣ ಸೇವಾಸಂಸ್ಥೆ ಕೆಲಸಕ್ಕೆ ಸೇರಿಸಿಕೊಂಡಿತು. ಮಾಯಕೊಂಡದಾಚೆಯ ಒಂದು ಲಂಬಾಣಿ ತಾಂಡಾಕ್ಕೆ ಹೋಗಿ, ‘ರೇಷನ್ ಡಿಪೋ ಅಕ್ಕಿಯೊಂದನ್ನೇ ನಂಬಬೇಡಿ, ಮೊದಲಿನ ಹಾಗೆ ನವಣೆ ಉಣ್ಣಿ’ ಎಂದು ಹೆಂಗಸರಿಗೆ ತಿಳಿಹೇಳುವುದು ನನ್ನ ಕೆಲಸ.

ಮೊದಲ ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಎರಡು ಬೆಣ್ಣೆದೋಸೆ ತಿಂದು ಹೊರಟೆ. ಕಂಕುಳಲ್ಲಿ ನಾನೇ ಬರೆದ ಚಾರ್ಟು. ಮೇಲೆ ‘ಪೌಷ್ಟಿಕ ಆಹಾರ’ ಎಂಬ ದಪ್ಪಕ್ಷರ, ಕೆಳಗೆ ನಿಂಬೆಹಣ್ಣಿನ ಗಾತ್ರದ ನವಣೆಕಾಳಿನ ಚಿತ್ರ. ನವಣೆಯನ್ನು ನಾನು ಪಠ್ಯಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ.

ತಾಂಡಾದ ಹಿರಿಯ ಹೆಂಗಸನ್ನು ಎಲ್ಲರೂ ಯಾಡಿ, ಅಂದರೆ ತಾಯಿ, ಎನ್ನುತ್ತಿದ್ದರು. ಆಕೆ ಚಾರ್ಟಿನ ಮುಂದೆ ಕೂತು ಬಹಳ ಹೊತ್ತು ನೋಡಿದಳು.

“ಇದು ಬಾರೆಹಣ್ಣೇನ್ರಿ ಮೇಡಮ್?”

“ನವಣೆ” ಎಂದೆ.

“ನೀವು ತಿಂದೀರೇನ್ರಿ?”

“ವಾರಕ್ಕೆರಡು ಸಲ” ಎಂದು ಸುಳ್ಳು ಹೇಳಿದೆ.

“ಹೆಂಗೆ ಮಾಡ್ತೀರಿ?”

“ಗಿಡದಿಂದ ಬಿಡಿಸಿ, ತೊಳೆದು, ಕುಕ್ಕರಿಗೆ ಹಾಕೋದು. ಮೂರು ಸೀಟಿ.”

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಯಾಡಿ ನಗಲಿಲ್ಲ. ಒಳಗೆ ಹೋಗಿ ಸೇರಿನಷ್ಟು ನವಣೆ ತಂದು ಒರಳಿಗೆ ಸುರಿದು, ಒನಕೆಯನ್ನು ನನ್ನ ಕೈಗಿಟ್ಟಳು. “ಇದರ ಮೈಮ್ಯಾಲೆ ಸಿಪ್ಪಿ ಐತೆ. ಕುಟ್ರಿ. ಆಮ್ಯಾಲೆ ಸೀಟಿ ಹೊಡೆಸಾಣ.”

ನಾನು ಕುಟ್ಟಿದೆ. ಅರ್ಧ ಕಾಳು ಒರಳಿನಿಂದ ಹೊರಗೆ ಹಾರಿತು, ಕೋಳಿಗಳು ಓಡಿಬಂದವು. ಹದಿನೈದು ನಿಮಿಷಕ್ಕೆ ಅಂಗೈಯಲ್ಲಿ ಬೊಕ್ಕೆ ಎದ್ದವು. ಮೊರದಲ್ಲಿ ಕೇರಿದಾಗ ಹೊಟ್ಟಿನ ಜೊತೆ ಕಾಳೂ ಹೋಯಿತು. ಕೊನೆಗೆ ಉಳಿದದ್ದು ಒಂದು ಹಿಡಿ. ನಮ್ಮ ಮನೆಯ ಗುಬ್ಬಿಗಳಿಗೂ ಸಾಲದು.

ಯಾಡಿ ನನ್ನ ಕೈ ಹಿಡಿದು ನೋಡಿ, ಎಣ್ಣೆ ಹಚ್ಚುತ್ತಾ ಹೇಳಿದಳು: “ಹೊಲಕ್ಕೆ ಹೋಗಾಕ ಮುಂಚೆ ದಿನಾ ಇಷ್ಟು ಕುಟ್ಟತಿದ್ವಿ. ಡಿಪೋ ಅಕ್ಕಿ ಬಂತು. ಮೊದ್ಲು ಕೈ ಅಂತು, ಸಾಕು ಅಂತ. ಬಾಯಿ ಆಮ್ಯಾಲೆ ಕಲೀತು. ಆದ್ರ ಅಕ್ಕಿ ಲಾರಿ ಬಂದ್ರೆ ಐತೆ, ಬರ್ಲಿಲ್ಲಂದ್ರೆ ಇಲ್ಲ. ಹೋದ ವರ್ಷ ಎರಡು ತಿಂಗಳು ಬರ್ಲೇ ಇಲ್ಲ. ಆರು ಮನ್ಯಾಗ ನವಣಿ ಇತ್ತು. ಅದನ್ನೇ ಇಡೀ ತಾಂಡಾ ಹಂಚ್ಕೊಂಡು ಉಂಡ್ವಿ.”

ನಾನು ಅಂದು ತಿಳಿಹೇಳಲು ಹೋಗಿದ್ದ ಪಾಠ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಲ್ಲಿಗೆ ಸುಮ್ಮನೆ ಕೈಮುಗಿದು ಬಸ್ ಹತ್ತಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಓದಿದ ಹುಡುಗಿ ಬರಿಗೈಯಲ್ಲಿ ಹೋಗುವುದುಂಟೇ? “ಹರಿಹರದಲ್ಲಿ ಅಕ್ಕಿಗಿರಣಿಗಳಿವೆ. ನಾನು ಮಷೀನಿನಲ್ಲಿ ಸಿಪ್ಪೆ ತೆಗೆಸಿಕೊಂಡು ಬರ್ತೀನಿ. ಎಲ್ಲಾ ಕೊಡಿ, ಸ್ವಲ್ಪ ತಂದ್ರೆ ಅವರು ಒಪ್ಪಲ್ಲ” ಎಂದುಬಿಟ್ಟೆ. ಗಿರಣಿಯವರನ್ನು ನಾನು ಕೇಳಿಯೂ ಇರಲಿಲ್ಲ.

ನವಣೆ ಬೆಳೆಯುತ್ತಿದ್ದ ಆ ಆರು ಮನೆಯವರು ತಮ್ಮತಮ್ಮೊಳಗೇ ಮಾತಾಡಿಕೊಂಡರು. ಮುಂದಿನ ವಾರ ಎರಡು ಚೀಲ ತುಂಬಿ ಬಸ್ಸಿನ ಮೇಲೇರಿಸಿದರು.

ಹರಿಹರದ ಗಿರಣಿಯ ಸಾಬರು ವಯಸ್ಸಾದವರು. ಚೀಲಕ್ಕೆ ಕೈಹಾಕಿ, ಕಾಳನ್ನು ಅಂಗೈಮೇಲೆ ಉರುಳಿಸಿ ತಲೆಯಾಡಿಸಿದರು. “ಮೇಡಮ್, ಇದು ಭತ್ತದ ಮಷೀನ್ರಿ. ಇಷ್ಟು ಸಣ್ಣ ಕಾಳಿನ ಅಂದಾಜು ನನಗಿಲ್ಲ. ಮೊದ್ಲು ಒಂದು ಸೇರು ಹಾಕಿ ನೋಡಾಣ.”

ನಾನು ಗಡಿಯಾರ ನೋಡಿಕೊಂಡು, “ಸಾಬ್ರೇ, ಎಲ್ಲಾ ಧಾನ್ಯದ ರಚನೆ ಒಂದೇ. ನಾನು ಓದಿದ್ದೀನಿ. ಒಂದು ಚೀಲ ಪೂರ್ತಿ ಹಾಕಿ” ಎಂದೆ. ಇವತ್ತಿಗೂ ಆ ಮಾತು ನೆನಪಾದರೆ ಎಲ್ಲಿದ್ದರೂ ತಲೆ ತಗ್ಗುತ್ತದೆ.

ಮೊದಲ ಸಲ ಕಾಳು ಹೋದ ಹಾಗೇ ಹೊರಗೆ ಬಂತು. “ಬಿಗಿ ಮಾಡಿ” ಎಂದೆ. ಅವರು ಬೇಡವೆಂದರು, ನಾನು ಬಿಡಲಿಲ್ಲ. ಬಿಗಿ ಮಾಡಿದಾಗ ಮಷೀನಿನ ಬಾಯಿಂದ ಹೊಗೆಯಂಥ ಧೂಳು ಎದ್ದಿತು. ಅದು ಇಳಿದ ಮೇಲೆ ನೋಡಿದರೆ ಕಾಳೂ ಇಲ್ಲ, ಸಿಪ್ಪೆಯೂ ಇಲ್ಲ. ಎರಡೂ ಸೇರಿ ಒಂದು ಬೂದುಬಣ್ಣದ ಹಿಟ್ಟು.

“ತೌಡಾತಲ್ರಿ ಮೇಡಮ್” ಎಂದರು ಸಾಬರು. ನಾನು ಅಭಿಮಾನಕ್ಕೆ ಬಿದ್ದು ಎರಡನೆಯ ಚೀಲಕ್ಕೆ ಕೈಹಾಕಿದೆ. ಅವರು ಅದರ ಮೇಲೆ ಕಾಲಿಟ್ಟು ನಿಂತರು. “ಇದನ್ನ ನಾನು ಕೊಡಂಗಿಲ್ರಿ. ಸಬೂರ್ ಮಾಡ್ರಿ. ನಾಳೆ ಬರ್ರಿ.”

ಆ ಹಿಟ್ಟಿನ ಚೀಲ ಹೊತ್ತು ಅವತ್ತೇ ತಾಂಡಾಕ್ಕೆ ಹೋದೆ. ದಾರಿಯುದ್ದಕ್ಕೂ ತಪ್ಪನ್ನು ಮಷೀನಿನ ಮೇಲೆ ಹಾಕುವ ಮಾತುಗಳನ್ನು ಹೊಂದಿಸಿಕೊಂಡಿದ್ದೆ. ಯಾಡಿ ಚೀಲದೊಳಗೆ ಕೈಯಿಟ್ಟು ಹಿಟ್ಟನ್ನು ಮೂಸಿದಾಗ ಅವೆಲ್ಲ ಮರೆತುಹೋದವು. “ನಾನೇ ಹಾಳು ಮಾಡಿದೆ” ಎಂದೆ.

ಆಕೆಯ ಸೊಸೆಗೆ ಕಣ್ಣು ತುಂಬಿಬಂದವು. “ನಿಮಗೇನ್ರಿ, ಬಸ್ ಹತ್ತಿದ್ರೆ ದಾವಣಗೆರಿಯಾಗ ದೋಸಿ ಐತೆ. ಲಾರಿ ಬರದ ದಿನ ನಾವೇನು ತಿನ್ನಾಣ? ಬಿತ್ತೋ ಬೀಜಾನೂ ಅದರಾಗೇ ಇತ್ತಲ್ರಿ!”

ಬೀಜದ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ತಿನ್ನುವುದಕ್ಕೊಂದು, ಬಿತ್ತುವುದಕ್ಕೊಂದು ಎಂದು ಅವರಲ್ಲಿ ಎರಡಿರಲಿಲ್ಲ. ‘ಎಲ್ಲಾ ಕೊಡಿ’ ಎಂದವಳು ನಾನು. ಅಲ್ಲೇ ಕೂತು ಅತ್ತುಬಿಟ್ಟೆ. ತಿಳಿಹೇಳಲು ಬಂದವಳನ್ನು ಸಮಾಧಾನ ಮಾಡುವ ಕೆಲಸವೂ ಆ ಹೆಂಗಸರ ಪಾಲಿಗೇ ಬಂತು.

“ಅಳಬ್ಯಾಡ್ರಿ. ಇನ್ನೊಂದು ಚೀಲ ಎಲ್ಲೈತೆ?” ಎಂದಳು ಯಾಡಿ. ಹೇಳಿದೆ. “ಹಂಗಾದ್ರ ಬೀಜ ಐತೆ” ಎಂದು ಸೊಸೆಯ ಕಡೆ ತಿರುಗಿದಳು. “ಇದನ್ನ ನೀರಾಗ ಕಲಸಿ ಎಮ್ಮಿಗೆ ಇಡು. ಎಮ್ಮಿಯಾದ್ರೂ ಪೌಷ್ಟಿಕ ಆಗ್ಲಿ.”

ಸೊಸೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ನನಗೆ ನಗು ಬರಲಿಲ್ಲ.

ಮಾರನೆಯ ದಿನ ಹರಿಹರಕ್ಕೆ ಓಡಿದೆ. ಸಾಬರು ಒಂದು ಬಟ್ಟಲನ್ನು ಮುಂದೆ ಹಿಡಿದರು. ಅದರಲ್ಲಿ ಹಳದಿ ಬಣ್ಣದ, ಸಾಸಿವೆಗಿಂತ ತುಸು ದೊಡ್ಡ ಕಾಳು, ಸಿಪ್ಪೆಯಿಲ್ಲದೆ ಮಿರಮಿರ ಮಿಂಚುತ್ತಿತ್ತು. “ಜಾಲರಿ ಬದ್ಲಿ ಮಾಡಿ, ಮಷೀನು ನಿಧಾನಕ್ಕ ಬಿಟ್ಟು, ಎರಡು ಸಲ ತೆಗೆದೀನ್ರಿ. ಇದಕ್ಕೆ ನಿಮ್ಮ ಚೀಲದಾಗಿನ ಒಂದು ಸೇರು ತಗೊಂಡೀನಿ. ತಾಂಡಾದವ್ರಿಗೆ ತಪ್ಪಾತು ಅಂತ ಹೇಳ್ರಿ.” ಒಂದು ಸೇರಿಗೆ ಅವರು ತಪ್ಪೊಪ್ಪಿಕೊಂಡರು. ಒಂದು ಚೀಲ ಕಳೆದ ನಾನು ನಮ್ಮ ಸಂಸ್ಥೆಗೆ ಕೊಟ್ಟ ವರದಿಯಲ್ಲಿ, ‘ನವಣೆಯನ್ನು ಪ್ರಾಯೋಗಿಕವಾಗಿ ಸಂಸ್ಕರಿಸಲಾಯಿತು’ ಎಂದು ಬರೆದೆ.

ನಾನು ವಾಪಸ್ ತಂದುಕೊಟ್ಟ ಆ ಉಳಿದ ಚೀಲವನ್ನು ಆರು ಮನೆಯವರು ಸಮನಾಗಿ ಹಂಚಿಕೊಂಡು ಮುಂಗಾರಿಗೆ ಬಿತ್ತಿದರು. ಆ ನಾಲ್ಕು ತಿಂಗಳು ನಾನು ಮೋಡ ನೋಡಿದಷ್ಟು ಯಾವ ರೈತನೂ ನೋಡಿರಲಿಕ್ಕಿಲ್ಲ. ಬೆಳೆ ಕೈಗೆ ಬಂತು. ಕಟಾವಾದ ಮೇಲೆ ಸೊಸೆಯೂ ಇನ್ನಿಬ್ಬರೂ ನನಗೆ ಒಂದು ಮಾತೂ ತಿಳಿಸದೆ ಹರಿಹರಕ್ಕೆ ಹೋಗಿ, ಮಷೀನಿನ ಪಕ್ಕದಲ್ಲೇ ನಿಂತು, ಸೇರು ಸೇರಾಗಿ ಹಾಕಿಸಿಕೊಂಡು ಬಂದರಂತೆ. ಈ ಸಲ ಬೀಜವನ್ನು ಮೊದಲೇ ಬೇರೆ ತೆಗೆದಿಟ್ಟಿದ್ದರಂತೆ. ಡಿಪೋ ಅಕ್ಕಿಯನ್ನು ಅವರೇನೂ ಬಿಡಲಿಲ್ಲ. ಆದರೆ ಮರುವರ್ಷ ನವಣೆ ಬಿತ್ತಿದವರು ಆರಲ್ಲ, ಹದಿನಾಲ್ಕು ಮನೆಯವರು.

ಆ ಮೊದಲ ಬೆಳೆ ಬಂದ ವರ್ಷದ ದೀಪಾವಳಿಗೆ ಯಾಡಿ ಊಟಕ್ಕೆ ಕರೆದಳು. ಬಿಸಿ ನವಣೆ ಅನ್ನ, ಹುರುಳಿಕಾಳಿನ ಸಾರು. ಮೊದಲ ತುತ್ತು ಬಾಯಿಗಿಟ್ಟಾಗ ಆಕೆ ಎದುರಿಗೇ ಕೂತು ಕೇಳಿದಳು:

“ವಾರಕ್ಕೆರಡು ಸಲ ಉಣ್ಣೋರು ನೀವು. ನಿಮ್ಮ ಮನಿಯಾಗಿನ ಹಂಗೆ ಐತೇನ್ರಿ?”

“ಇವತ್ತೇ ಮೊದಲು ಯಾಡಿ” ಎಂದೆ.

“ಗೊತ್ತಿತ್ತು, ಉಣ್ರಿ” ಎಂದು ಇನ್ನೊಂದು ಸವಟು ಬಡಿಸಿದಳು. ಮೂರು ಸಲ ಹಾಕಿಸಿಕೊಂಡೆ. ವಾಪಸ್ ಬರುವಾಗ ಬಸ್ಸಿನಲ್ಲಿ ಎಂಥ ನಿದ್ದೆ ಬಂತೆಂದರೆ, ದಾವಣಗೆರೆ ಬಂದು ಹೋದದ್ದೂ ತಿಳಿಯದೆ, ಕಂಡಕ್ಟರ್ ತಟ್ಟಿ ಎಬ್ಬಿಸಿದಾಗ ಹರಿಹರದಲ್ಲಿದ್ದೆ.